ಕೊನೆಯ ರೀಲು ನೋಡದವರು

ಲಾಸ್ ಏಂಜಲೀಸ್
12 ನವೆಂಬರ್ 1979

ಪ್ರೀತಿಯ ಪಟಾಲಿ,

ನನ್ನ ನಿದ್ದೆಗೆ ಇನ್ನೂ ಈ ಊರಿನ ದಾರಿ ಸಿಕ್ಕಿಲ್ಲ. ಮಧ್ಯಾಹ್ನ ಪಾಪುವಿಗೆ ಅನ್ನ ಕಲಸುವಾಗ ಕಣ್ಣು ಎಳೆಯುತ್ತದೆ. ಆ ಜೊಂಪಿನಲ್ಲಿ ಅಮೃತಹಳ್ಳಿಯಲ್ಲೇ ಇರುತ್ತೇನೆ, ನಿಮ್ಮ ದ್ರಾಕ್ಷಿ ಚಪ್ಪರದ ಕೆಳಗೆ. ಎಚ್ಚರವಾದರೆ ಕಿಟಕಿಯಾಚೆ ತಲೆ ಕೆದರಿಕೊಂಡು ನಿಂತ ಉದ್ದುದ್ದ ತಾಳೆಮರಗಳು. ಯಾವುದು ಕನಸು ಅಂತ ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಇದು ಸಿನಿಮಾ ಊರು ಕಣೇ. ನಾನು ಕೆಲಸಕ್ಕಿದ್ದ ಆರ್.ಟಿ. ನಗರದ ಮನೆಯಲ್ಲಿ ಡಾಕ್ಟರಮ್ಮ, "ತಾಹೆರಾ, ನಮ್ಮಿಬ್ಬರಿಗೂ ಅಮೆರಿಕಾದಲ್ಲಿ ಕೆಲಸ ಸಿಕ್ಕಿದೆ. ಪಾಪು ನಿನ್ನ ಬಿಟ್ಟು ಇರಲ್ಲ. ಒಂದು ವರ್ಷ ಬಂದಿರ್ತೀಯಾ?" ಎಂದು ಕೇಳಿದಾಗ ನನಗೆ ಅಮೆರಿಕಾ ಕಿವಿಗೆ ಬೀಳಲಿಲ್ಲ. ಆಮೇಲೆ ಅವರು, ಪ್ರಪಂಚದ ಸಿನಿಮಾ ಅರ್ಧ ಆ ಊರಲ್ಲೇ ಹುಟ್ಟೋದು ಅಂದರಲ್ಲ, ಅದು ಬಿತ್ತು. ಯಲಹಂಕದ ಕೆರೆ ಪಕ್ಕದ ಟೆಂಟಿನಲ್ಲಿ ನಾನೂ ನೀನೂ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತು ನೋಡಿದ್ದೆಲ್ಲ ಒಟ್ಟಿಗೇ ನೆನಪಾಯಿತು. ಹೂಂ ಅಂದುಬಿಟ್ಟೆ.

ಬೆಟ್ಟದ ಮೇಲೆ ಒಂಬತ್ತು ಬಿಳಿ ಅಕ್ಷರ ನಿಲ್ಲಿಸಿದ್ದಾರೆ, ಒಂದೊಂದೂ ಹುಣಸೆಮರದಷ್ಟು ಎತ್ತರ. ಸಿನಿಮಾದವರ ಕೇರಿಯ ಹೆಸರಂತೆ ಅದು. ಬೆಳಿಗ್ಗೆ ಮಂಜಿನಲ್ಲಿ ಅರ್ಧ ಅಕ್ಷರ ಮಾತ್ರ ಕಾಣುತ್ತವೆ, ಬಿಸಿಲೇರಿದ ಹಾಗೆ ಒಂದೊಂದಾಗಿ ಹೊರಗೆ ಬರುತ್ತವೆ. ಅವುಗಳಿಂದಲೇ ಇಂಗ್ಲಿಷ್ ಕಲಿಯುತ್ತಿದ್ದೇನೆ. ಓ ಮೂರು ಸಲ ಬರುವುದರಿಂದ ಓ ನನಗೆ ಗಟ್ಟಿಯಾಗಿದೆ. ಇಲ್ಲಿ ಯಾರೂ ನಡೆಯುವುದಿಲ್ಲ, ಎಲ್ಲರೂ ಕಾರಿನಲ್ಲಿ. ಕಲ್ಲು ಹಾಸಿದ ದಾರಿಯ ಮೇಲೆ ನಾನೊಬ್ಬಳೇ ಪಾಪುವಿನ ತಳ್ಳುಗಾಡಿ ತಳ್ಳಿಕೊಂಡು ಹೋಗುತ್ತಿರುತ್ತೇನೆ, ಊರನ್ನೇ ನನಗೆ ಬರೆದುಕೊಟ್ಟ ಹಾಗೆ.

ಇಷ್ಟೆಲ್ಲ ಬರೆದೆ, ಬರೆಯಬೇಕಾದ್ದು ಇನ್ನೂ ಬರೆದಿಲ್ಲ. ಹೊರಡುವ ದಿನ ಅಮ್ಮಿ ಒಲೆ ಮುಂದಿನಿಂದ ಏಳಲೇ ಇಲ್ಲ. "ಗಂಡನ ಮನೇಲಿ ಬಾಳಲಿಲ್ಲ, ತಾಯಿ ಮನೇಲೂ ನಿಲ್ಲಲ್ಲ. ಯಾರದೋ ಮಗು ಎತ್ಕೊಂಡು ಸಮುದ್ರ ದಾಟ್ತಾಳಂತೆ. ಜಾ" ಅಂದರು. ಬರೀ ಜಾ. ನಿಮ್ಮ ಮನೆಗಳಲ್ಲಿ ಯಾರಿಗೂ ಬರೀ ಹೋಗು ಅನ್ನುವುದಿಲ್ಲವಲ್ಲ, ನಮ್ಮಲ್ಲೂ ಹಾಗೇ. ಅಂಗಡಿಗೆ ಉಪ್ಪು ತರಲು ಹೋಗುವವರಿಗೂ 'ಜಾಕೆ ಆ', ಹೋಗಿ ಬಾ. ಅಬ್ಬಾ ತೀರಿಕೊಂಡು, ಜಟಕಾ ಕುದುರೆ ಬಿಜಲಿಯನ್ನೂ ಮಾರಿ ಎರಡು ವರ್ಷವಾಯಿತು. ಅಮ್ಮಿಗೆ ನನ್ನನ್ನು ಬಿಟ್ಟು ಇನ್ಯಾರಿದ್ದಾರೆ? ಅಂಥವರು ನನಗೆ 'ಬಾ' ಅನ್ನಲಿಲ್ಲ. ಅದು ಎದೆಯಲ್ಲಿ ಮುಳ್ಳು ಮುರಿದುಕೊಂಡ ಹಾಗೆ ಕೂತಿದೆ.

ಅಮ್ಮಿಗೆ ಓದು ಬರುವುದಿಲ್ಲ. ನನಗೆ ನಮ್ಮ ಶಾಲೆಯ ಕನ್ನಡ ಬಿಟ್ಟು ಬೇರೆ ಬರೆಯಲು ಬರುವುದಿಲ್ಲ. ಮದುವೆಯಾಗಿ ನೀನು ನಮ್ಮ ಗೋಡೆ ಪಕ್ಕದ ಮನೆಗೇ ಬಂದವಳು. ಈ ಕಾಗದಗಳನ್ನು ಅವರಿಗೆ ಓದಿ ಹೇಳು. ಆ ಒಂದು ಮಾತು ಅವರ ಬಾಯಿಂದ ಹೊರಡಿಸಿ ಕಳಿಸು.

ನಿನ್ನ
ತಾಹೆರಾ


ಅಮೃತಹಳ್ಳಿ
9 ಡಿಸೆಂಬರ್ 1979

ತಾಹೆರಾ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಮ್ಮನ ಕೋಪವೂ ಚೆನ್ನಾಗಿದೆ, ಮೊದಲಿಗಿಂತ ಸ್ವಲ್ಪ ಮೈಕೈ ತುಂಬಿಕೊಂಡಿದೆ.

ನಿನ್ನ ನೀಲಿ ಕಾಗದ ಹಿಡಿದುಕೊಂಡು ಅವರ ಬಾಗಿಲಿಗೆ ಹೋದೆ. ಕೋಳಿಗಳಿಗೆ ನುಚ್ಚು ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರ್ ಕಾಗದ ಅದು?"

"ನಿಮ್ ಮಗಳ್ದು ಜೈನಾಬಮ್ಮ."

"ನಂಗ್ ಮಗಳಿಲ್ಲ. ಕೋಳಿಗಳಿವೆ. ಅವುಕ್ಕೆ ಓದು ಬೇಕಾದ್ರೆ."

ನಾನೇನು ಬಿಡುವವಳಾ? ನಮ್ಮತ್ತೆ ಅಕ್ಕಯ್ಯಮ್ಮನಿಗೆ ಕಿವಿ ಪೂರ್ತಿ ಮುಚ್ಚಿ ಹೋಗಿರುವುದು ನಿನಗೆ ಗೊತ್ತೇ ಇದೆ. ಪಕ್ಕದಲ್ಲಿ ಪಟಾಕಿ ಹೊಡೆದರೂ ಮಳೆ ಬಂತಾ ಅಂತ ಕೇಳುತ್ತಾರೆ. ಅವರನ್ನು ಜಗಲಿ ಮೇಲೆ, ನಿಮ್ಮ ಗೋಡೆಗೆ ಅಂಟಿಸಿದ ಹಾಗೆ ಕೂರಿಸಿದೆ. "ಅತ್ತೆ, ತಾಹೆರಾ ಏನ್ ಬರ್ದವ್ಳೆ ಕೇಳಿ" ಅಂತ ಶುರು ಮಾಡಿ, ಟೆಂಟಿನ ಮೈಕಿನಂತೆ ಕೂಗಿ ಕೂಗಿ ಓದಿದೆ. ಜಕ್ಕೂರಿನ ವಿಮಾನದ ಮೈದಾನಕ್ಕೂ ಕೇಳಿಸಿರಬೇಕು. ಅತ್ತೆ ಪಾಪ ಉದ್ದಕ್ಕೂ ತಲೆಯಾಡಿಸಿ, ಕೊನೆಗೆ "ಇಂಗೇ ಮಾಡ್ಬೇಕು, ರಾಗಿ ಒಣಗಿಸಿ ಇಟ್ರೆ ಉಳ ಬೀಳಕಿಲ್ಲ" ಅಂದರು.

ಈಗ ಕೇಳು. ಮೊದಲು ನಿಮ್ಮಮ್ಮ ಅಂಗಳದ ಆ ಕೊನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಓದಿ ಮುಗಿಸುವಷ್ಟರಲ್ಲಿ ಮೊರದ ಸದ್ದು ಗೋಡೆಯ ಬುಡಕ್ಕೇ ಬಂದಿತ್ತು. ಬಿಸಿಲು ಸರಿದರೆ ನೆರಳು ಸರಿಯುತ್ತದೆ, ಸರಿ. ಆದರೆ ನೆರಳು ಅಂಗಳದ ಆ ಕೊನೆಯಲ್ಲೇ ಇತ್ತು ಕಣೇ.

'ಬರೀ ಜಾ' ಅನ್ನುವ ಸಾಲನ್ನು ಎರಡು ಸಲ ಓದಿದೆ. ಸುಳ್ಳು ಯಾಕೆ ಹೇಳಲಿ, ನನಗೂ ನಿನ್ನ ಮೇಲೆ ಸಿಟ್ಟಿದೆ. ಯಾರ ಜೊತೆ ಮಾತಾಡಲಿ ನಾನು? ನಮ್ಮ ಯಜಮಾನರು ಲಕ್ಕಣ್ಣನವರಿಗೆ ದ್ರಾಕ್ಷಿಗೆ ಔಷಧಿ ಹೊಡೆಯುವುದು ಬಿಟ್ಟರೆ ಬೇರೆ ಮಾತಿಲ್ಲ. ಬರೀತಾ ಇರು. ಉದ್ದುದ್ದ ಬರಿ. ಅಲ್ಲಿ ಬೀದಿಯಲ್ಲಿ ನಾಯಕಿಯರು ಓಡಾಡುತ್ತಾರಾ? ಮುಖಕ್ಕೆ ಅಷ್ಟೊಂದು ಪೌಡರ್ ಹಗಲಲ್ಲೂ ಇರುತ್ತಾ?

ಇಂತಿ
ಪಟಾಲಮ್ಮ


ಲಾಸ್ ಏಂಜಲೀಸ್
21 ಫೆಬ್ರವರಿ 1980

ಪಟಾಲಿ,

ಗುರುವಾರ ನನಗೆ ರಜೆ. ಡಾಕ್ಟರಮ್ಮ ಒಂದು ಚೀಟಿಯಲ್ಲಿ ಮನೆಯ ವಿಳಾಸ ಬರೆದು ಪಿನ್ ಹಾಕಿ ನನ್ನ ಸೆರಗಿಗೆ ಚುಚ್ಚಿ ಕಳಿಸುತ್ತಾರೆ, ಶಾಲೆಗೆ ಹೊರಟ ಮಗುವಿಗೆ ಚುಚ್ಚುವಂತೆ. ಬಸ್ಸು ಹತ್ತಿ ಕಿಟಕಿ ಪಕ್ಕ ಕೂರುತ್ತೇನೆ. ಊರು ಮುಗಿಯುವುದೇ ಇಲ್ಲ ಕಣೇ. ಒಂದು ಊರು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು, ಎಲ್ಲವಕ್ಕೂ ಒಂದೇ ಹೆಸರು. ಕಿತ್ತಳೆ ಹಣ್ಣು ಬೇಲಿಯಾಚೆ ಹಾಗೇ ತೂಗುತ್ತಿರುತ್ತವೆ, ಯಾರೂ ಕೀಳುವುದಿಲ್ಲ. ಬಿಸಿಲು ಒಂದು ತರಹ ಹಳೇ ಬಂಗಾರದ ಬಣ್ಣ. ಈ ಬಿಸಿಲಿಗೋಸ್ಕರವೇ ಸಿನಿಮಾದವರು ಇಲ್ಲಿ ಬಂದು ಬೀಡುಬಿಟ್ಟರಂತೆ.

ಇವತ್ತು ಸಿನಿಮಾ ಬೀದಿಗೆ ಹೋಗಿದ್ದೆ. ನಡೆಯುವ ದಾರಿಯಲ್ಲಿ ನಕ್ಷತ್ರ ಕೊರೆದು ಒಂದೊಂದರಲ್ಲೂ ಒಬ್ಬೊಬ್ಬರ ಹೆಸರು ಬರೆದಿದ್ದಾರೆ. ಜನ ತುಳಿದುಕೊಂಡೇ ಹೋಗುತ್ತಾರೆ. ನಾನು ಪಕ್ಕಕ್ಕೆ ಸರಿದು ಸರಿದು ನಡೆದೆ. ಒಂದು ದೊಡ್ಡ ಥಿಯೇಟರ್ ಮುಂದೆ ಸಿಮೆಂಟ್ ಹಸಿಯಿದ್ದಾಗ ನಟ ನಟಿಯರು ಕಾಲು ಊರಿಹೋದ ಗುರುತುಗಳಿವೆ. ಒಬ್ಬಾಕೆಯದು ನನಗಿಂತ ಪುಟ್ಟ ಪಾದ. ಅದರ ಮೇಲೆ ನನ್ನ ಕಾಲಿಟ್ಟು ಸುಮ್ಮನೆ ನಿಂತೆ. ಆ ಗುಂಡಿಯಲ್ಲಿ ಬಿಸಿಲು ಕೂತು ಬೆಚ್ಚಗಾಗಿತ್ತು. ಆಕೆ ಈಗಷ್ಟೇ ಎದ್ದು ಹೋಗಿದ್ದಾಳೆ ಅನ್ನಿಸಿತು.

ಆಮೇಲೆ ಟಿಕೆಟ್ ತೆಗೆದುಕೊಂಡು ಒಳಗೆ ಹೋದೆ. ಭಾಷೆ ಅರ್ಧಂಬರ್ಧ. ಆದರೂ ಅಳುವವರ ಜೊತೆ ಅತ್ತೆ. ಹೊಡೆದಾಟ ಶುರುವಾಯಿತು, ಕಾರುಗಳು ಉರುಳಿದವು, ಇದ್ದಕ್ಕಿದ್ದಂತೆ ನೋಡಿದರೆ ನಾನು ಚಪ್ಪಲಿ ಹುಡುಕಿಕೊಂಡು ಎದ್ದು ಬಾಗಿಲ ಹತ್ತಿರ ನಿಂತಿದ್ದೇನೆ! ಯಾರು ಎಬ್ಬಿಸಿದರು ನನ್ನನ್ನು? ಅಮ್ಮಿ ಇಷ್ಟು ದೂರದಿಂದ ರಟ್ಟೆ ಹಿಡಿದು ಎಳೆದ ಹಾಗಾಯಿತು.

ನೆನಪಿದೆಯಾ ನಿನಗೆ? ಒಂದೇ ಒಂದು ಸಿನಿಮಾದ ಕೊನೆಯ ರೀಲನ್ನೂ ನಾವು ನೋಡಲಿಲ್ಲ. ಹೊಡೆದಾಟ ಶುರುವಾದರೆ ಸಾಕು, "ಉಠೋ ಉಠೋ" ಅಂತ ಅಮ್ಮಿ ನಮ್ಮಿಬ್ಬರನ್ನೂ ಎಬ್ಬಿಸಿಬಿಡುತ್ತಿದ್ದರು. ದೀಪ ಹತ್ತುವ ಮೊದಲೇ ಹೆಂಗಸರು ಹೊರಗಿರಬೇಕು, ಗಂಡಸರ ಕಣ್ಣಿಗೆ ಬೀಳಬಾರದು ಅಂತ. ಎದ್ದು ಬಂದ ಮೇಲಾದರೂ ಮನೆಗೆ ಹೋಗುತ್ತಿದ್ದೆವಾ? ಇಲ್ಲ. ಹುಣಸೆಮರದ ಕೆಳಗೆ ಪರದೆ ಎಳೆದ ಜಟಕಾದೊಳಗೆ ನಮ್ಮನ್ನು ತುಂಬಿ, ಇಣುಕಬಾರದು ಅಂತ ಹೇಳಿ ಅವರು ಹೊರಗೆ ನಿಂತಿರುತ್ತಿದ್ದರು. ಗಾಡಿ ಹೊಡೆಯಬೇಕಾದ ಅಬ್ಬಾ ಬೀಡಿ ಸೇದುವುದಕ್ಕೆ ಹೋದವರು ಟೆಂಟು ಬಿಟ್ಟ ಮೇಲೇ ಬರುತ್ತಿದ್ದರು. ಮಾರನೇ ದಿನ ನಿಮ್ಮ ತೋಟದಲ್ಲಿ ಕೂತು ನಾವೇ ಕೊನೆ ಕಟ್ಟುತ್ತಿದ್ದೆವು. ನಾನು ಎಲ್ಲರಿಗೂ ಮದುವೆ ಮಾಡಿಸುತ್ತಿದ್ದೆ, ನೀನು ಎಲ್ಲರನ್ನೂ ಜೈಲಿಗೆ ಹಾಕಿಸುತ್ತಿದ್ದೆ.

ಇವತ್ತೂ ಕೊನೆ ನೋಡಲಿಲ್ಲ. ಬಸ್ಸು ಹಿಡಿದು ಸಮುದ್ರದ ಕಡೆ ಹೋದೆ. ಇಲ್ಲಿ ಸೂರ್ಯ ಸಮುದ್ರದೊಳಗೆ ಇಳಿಯುತ್ತಾನೆ. ಅವನು ಇಳಿಯುವ ಹೊತ್ತಿಗೆ ಅಲ್ಲಿ ಅಮ್ಮಿ ಕೋಳಿಗೂಡಿನ ಬಾಗಿಲು ತೆಗೆಯುತ್ತಿರುತ್ತಾರೆ. ಇದೇ ಸೂರ್ಯನನ್ನು ಈಗ ಅಮ್ಮಿ ನೋಡುತ್ತಾರಲ್ಲ ಎಂದು ಕೂತೇ ಇದ್ದೆ. ಅವರು ಏನಾದರೂ ಅಂದರಾ?

ತಾಹೆರಾ


ಅಮೃತಹಳ್ಳಿ
30 ಮಾರ್ಚ್ 1980

ಸಿನಿಮಾ ಊರಿನ ತಾಹೆರಾಗೆ,

ದ್ರಾಕ್ಷಿ ಕೊಯ್ಲು ನಡೆದಿದೆ. ಕೈಯೆಲ್ಲ ನೇರಳೆ ಬಣ್ಣ, ಕಾಗದಕ್ಕೂ ಅಂಟಿದೆ, ಮೂಸಿ ನೋಡು.

ನಿಮ್ಮಮ್ಮ ಮಾತಾಡಿದರು. ನನ್ನ ಹತ್ತಿರ ಅಲ್ಲ, ಕೋಳಿ ಹತ್ತಿರ. ಕಾಲಿನ ಗುರುತಿನ ವಿಷಯ ಓದಿದೆನಲ್ಲ, ಗೋಡೆಯಾಚೆಯಿಂದ ಬಂತು: "ಕೇಳಿದ್ಯೇನೇ ಕೆಂಪಿ, ಚಪ್ಪಲಿ ಬಿಟ್ಟು ಕಾಲಿಟ್ಳೋ, ಹಾಕ್ಕೊಂಡೇ ಇಟ್ಳೋ?" ನಾನೂ ನಮ್ಮತ್ತೆಗೆ ಹೇಳಿದೆ, "ಬಿಟ್ಟೇ ಇಟ್ಟಿರ್ತಾಳೆ ಅತ್ತೆ, ಬೆಳ್ಸಿರೋರು ಅಂಗ್ ಬೆಳ್ಸವ್ರೆ." ಗೋಡೆಯಾಚೆ ಕೆಮ್ಮಿದ ಸದ್ದು. ಅತ್ತೆ ಮಳೆ ಬಂತಾ ಅಂದರು.

ನೀನು ಎದ್ದು ಬಂದಿದ್ದು ಓದಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ನನಗೂ ಅದೇ ಕಾಯಿಲೆ. ಮದುವೆಯಾದ ಹೊಸದರಲ್ಲಿ ಯಜಮಾನರು ಮೆಜೆಸ್ಟಿಕ್ಕಿಗೆ ಸಿನಿಮಾಗೆ ಕರೆದುಕೊಂಡು ಹೋಗಿದ್ದರು. ಹೊಡೆದಾಟ ಶುರುವಾಯಿತು, ನಾನು ಎದ್ದು ಹೊರಟೇಬಿಟ್ಟೆ. ಅವರು ಹಿಂದೆಯೇ ಓಡಿಬಂದು, ಸೋಡಾ ಕುಡಿಸಿ, ಅತ್ತೆಗೆ ಸಿಹಿ ಸುದ್ದಿ ಅಂತ ಬೇರೆ ಹೇಳಿಬಿಟ್ಟಿದ್ದರು!

ಹೋದ ವಾರ ಮತ್ತೆ ಹೋಗಿದ್ದೆವು. ನಮ್ಮ ಹಳೇ ಸಿನಿಮಾ ಕಣೇ, ಅಂಬಿಗನ ಮಗಳದು. ತುಂಬಿದ ಹೊಳೆಯಲ್ಲಿ ಒಬ್ಬಳೇ ದೋಣಿ ಬಿಟ್ಟುಕೊಂಡು ಆಚೆ ದಡಕ್ಕೆ ಹೊರಡುತ್ತಾಳಲ್ಲ, ಅಲ್ಲಿಗೆ ನಿಮ್ಮಮ್ಮ ನಮ್ಮನ್ನು ಎಬ್ಬಿಸಿದ್ದರು. ನೀನು ಅತ್ತು ರಂಪ ಮಾಡಿದ್ದೆ. ಈ ಸಲ ಯಜಮಾನರು ನನ್ನ ಸೆರಗು ಹಿಡಿದುಕೊಂಡೇ ಕೂತಿದ್ದರು. ಕೊನೆ ನೋಡಿದೆ. ಅವಳು ಸಾಯುತ್ತಾಳೆ ತಾಹೆರಾ. ನಡುಹೊಳೆಯಲ್ಲಿ ದೋಣಿ ಮುಳುಗುತ್ತದೆ. ನೋಡಬಾರದಿತ್ತು ಅನ್ನಿಸಿತು.

ಮಾರನೇ ದಿನ ಜಗಲಿ ಮೇಲೆ ಅದನ್ನೇ ಅತ್ತೆಗೆ ಕೂಗಿ ಹೇಳುತ್ತಿದ್ದೆ. ಗೋಡೆಯ ಮೇಲೆ ನಿಮ್ಮಮ್ಮನ ತಲೆ ಕಾಣಿಸಿತು. ಮುಖ ಕೆಂಪಗಾಗಿತ್ತು.

"ಏನ್ ಸುಳ್ಳ್ ಹೇಳ್ತೀಯೇ? ಸಾಯಲ್ಲ ಅವಳು."

"ನೋಡ್ಕೊಂಡ್ ಬಂದೆ ಜೈನಾಬಮ್ಮ."

"ಸಾಯಲ್ಲ ಅಂದೆ. ಆಚೆ ಹೋಗ್ತಾಳೆ, ಬರ್ತಾಳೆ."

ತಲೆ ಮಾಯ. ನಮ್ಮ ಜೊತೆಯೇ ಎದ್ದು ಬಂದವರು ಇವರು, ಇವರಿಗೆ ಹೇಗೆ ಗೊತ್ತು? ಅವತ್ತೆಲ್ಲ ಆ ಮನೆಯಲ್ಲಿ ಒಲೆ ಹೊಗೆಯಾಡಲಿಲ್ಲ. ನಾನು ಒಂದು ಬಟ್ಟಲು ಸಾರು, ಮುದ್ದೆ ಗೋಡೆಯ ಮೇಲಿಟ್ಟು ಬಂದೆ. ಸಾಯಂಕಾಲ ಬಟ್ಟಲು ತೊಳೆದು ಇಟ್ಟಿತ್ತು, ಒಳಗೆ ಎರಡು ಮೊಟ್ಟೆ.

ಪಟಾಲಮ್ಮ


ಲಾಸ್ ಏಂಜಲೀಸ್
6 ಜುಲೈ 1980

ಪಟಾಲಿ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಪಾಪುವಿಗೆ ತೋರಿಸಬೇಕು ಅಂತ ಎಲ್ಲರೂ ಸಿನಿಮಾ ತೆಗೆಯುವ ಸ್ಟುಡಿಯೋಗೆ ಹೋಗಿದ್ದೆವು. ಸಣ್ಣ ರೈಲಿನಂಥ ಗಾಡಿಯಲ್ಲಿ ಕೂರಿಸಿ ತೋರಿಸುತ್ತಾರೆ. ಅಲ್ಲೊಂದು ಬೀದಿ. ಎರಡೂ ಕಡೆ ಮನೆ, ಬಾಗಿಲು, ಕಿಟಕಿಗೆ ಲೇಸಿನ ಪರದೆ, ಮೆಟ್ಟಿಲ ಮೇಲೆ ಹೂವಿನ ಕುಂಡ. ಯಾರೋ ಈಗ ಬಾಗಿಲು ತೆಗೆದು ಒಳಗೆ ಕರೆಯುತ್ತಾರೆ ಅನ್ನಿಸಬೇಕು, ಹಾಗೆ. ತಿರುವಿನಲ್ಲಿ ಗಾಡಿ ಹಿಂಭಾಗಕ್ಕೆ ಬಂತು. ಮನೆಗಳೇ ಇಲ್ಲ ಕಣೇ! ಬರೀ ಮುಂಗೋಡೆ, ಬೀಳದ ಹಾಗೆ ಹಿಂದಿನಿಂದ ಮರದ ಕಂಬ ಆನಿಸಿದ್ದಾರೆ. ಮಳೆ ಬೇಕಾದರೆ ನಲ್ಲಿ ತಿರುಗಿಸುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ಬಾಗಿಲುಗಳನ್ನು ನೋಡಿ ಅಳು ಬಂತು. ನಮ್ಮ ಮನೆಯ ಬಾಗಿಲು ತೆಗೆದರೆ ಒಳಗೆ ಅಮ್ಮಿ ಇರುತ್ತಾರೆ, ಕೋಪದಲ್ಲಾದರೂ ಇರುತ್ತಾರೆ ಅಂದುಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ. ನವೆಂಬರ್‌ಗೆ ನನ್ನ ವರ್ಷ ಮುಗಿಯುತ್ತದೆ. ಇನ್ನೆರಡು ವರ್ಷ ಇರು ಎನ್ನುತ್ತಿದ್ದಾರೆ ಡಾಕ್ಟರಮ್ಮ. ಪಾಪುವನ್ನು ಶಾಲೆಗೆ ಬಿಟ್ಟು ಬರಲು ಕಾರು ಓಡಿಸುವುದು ಕಲಿಸುತ್ತಾರಂತೆ. ನಾನು, ಕಾರು! ಹೋದ ಭಾನುವಾರ ಖಾಲಿ ಬಯಲಿನಲ್ಲಿ ಒಂದು ಸುತ್ತು ಹೊಡೆಸಿದರು. ಚಕ್ರ ಕೈಗೆ ಸಿಕ್ಕಿದ ಕೂಡಲೇ ಬಾಯಿಂದ "ಹೈ, ಬಿಜಲಿ" ಅಂತ ಬಂದುಬಿಟ್ಟಿತು. ಅಬ್ಬಾ ಪಕ್ಕದಲ್ಲಿ ಕೂತು, ನಿಧಾನ ಬೇಟಿ, ತಿರುವಿನಲ್ಲಿ ಸಡಿಲ ಬಿಡು ಅಂದ ಹಾಗಾಯಿತು. ಎಷ್ಟು ದಿನವಾಗಿತ್ತೋ ನಾನು ಅಷ್ಟು ಸಂತೋಷಪಟ್ಟು.

ನನಗೆ ಇರಬೇಕು ಅನ್ನಿಸುತ್ತದೆ ಪಟಾಲಿ. ಈ ಊರು ನನಗೆ ಇನ್ನೂ ಅರ್ಧ ಮಾತ್ರ ಕಂಡಿದೆ. ಗಂಡ ಬಿಟ್ಟವಳು ಅಂತ ಇಲ್ಲಿ ನನ್ನನ್ನು ಯಾರೂ ನೋಡುವುದಿಲ್ಲ. ಆದರೆ ಅಮ್ಮಿಯ 'ಜಾ' ಹೊತ್ತುಕೊಂಡು ಇನ್ನು ಒಂದು ದಿನವೂ ಇರಲಾರೆ. ಅವರು ಬಾಯಿ ತುಂಬ ಹೋಗಿ ಬಾ ಅಂದರೆ ಇರುತ್ತೇನೆ. ಇಲ್ಲದಿದ್ದರೆ ನವೆಂಬರ್‌ನಲ್ಲಿ ಬಂದುಬಿಡುತ್ತೇನೆ, ಮತ್ತೆ ಎಲ್ಲಿಗೂ ಹೋಗುವುದಿಲ್ಲ. ಇದನ್ನೂ ಗಟ್ಟಿಯಾಗಿ ಓದು.

ತಾಹೆರಾ


ಲಾಸ್ ಏಂಜಲೀಸ್
18 ಆಗಸ್ಟ್ 1980

ಪಟಾಲಿ,

ನಿನ್ನಿಂದ ಸುದ್ದಿಯಿಲ್ಲ. ಅಮ್ಮಿ ಇಲ್ಲ ಅಂದಿರಬೇಕು, ಹೇಗೆ ಬರೆಯಲಿ ಅಂತ ನೀನು ಒದ್ದಾಡುತ್ತಿರಬೇಕು. ಇರಲಿ ಬಿಡು. ನಿನ್ನೆ ನೋಡಿದ್ದನ್ನು ಮಾತ್ರ ಹೇಳದೆ ಇರಲಾರೆ.

ಇಲ್ಲಿ ಒಂದು ತರಹದ ಟೆಂಟು ಇದೆ. ಗೋಡೆಯಿಲ್ಲ, ಚಾವಣಿಯಿಲ್ಲ, ಬೆಂಚಿಲ್ಲ. ದೊಡ್ಡ ಬಯಲು, ಕೊನೆಯಲ್ಲಿ ಮನೆಯಷ್ಟು ಎತ್ತರದ ಬಿಳಿ ಪರದೆ. ಜನ ಕಾರುಗಳಲ್ಲೇ ಬಂದು ಸಾಲಾಗಿ ನಿಲ್ಲಿಸಿ, ಕಾರಿನಲ್ಲೇ ಕೂತು ಸಿನಿಮಾ ನೋಡುತ್ತಾರೆ! ಪಕ್ಕದ ಕಂಬದಿಂದ ಸಣ್ಣ ಮೈಕು ತೆಗೆದು ಕಿಟಕಿಗೆ ಸಿಕ್ಕಿಸಿಕೊಂಡರೆ ಮಾತೆಲ್ಲ ಕಾರಿನೊಳಗೇ ಕೇಳುತ್ತದೆ. ನಾವು ಹೋದಾಗ ಇನ್ನೂ ಸಂಜೆಗೆಂಪು ಹೋಗಿರಲಿಲ್ಲ. ತಾಳೆಮರಗಳ ಹಿಂದೆ ಆಕಾಶ ನಿಮ್ಮ ದ್ರಾಕ್ಷಿ ರಸದ ಬಣ್ಣಕ್ಕೆ ತಿರುಗಿತು, ಆಮೇಲೆ ಪರದೆಯ ಮೇಲೆ ಬೆಳಕು ಬಂತು. ಪಾಪು ನನ್ನ ತೊಡೆಯ ಮೇಲೆ ಮಲಗಿದ್ದ. ಮುಂದಿನ ಸೀಟಿನಲ್ಲಿ ಡಾಕ್ಟರು ಸ್ಟಿಯರಿಂಗ್ ಮೇಲೆ ಕೈ ಚೆಲ್ಲಿಕೊಂಡು, ಪಕ್ಕದಲ್ಲಿ ಡಾಕ್ಟರಮ್ಮ ಅವರ ಭುಜಕ್ಕೆ ಒರಗಿಕೊಂಡು ನೋಡುತ್ತಿದ್ದರು.

ಇಲ್ಲಿ ಗಾಡಿ ಹೊಡೆಯುವವನೂ ಕೊನೆತನಕ ಸಿನಿಮಾ ನೋಡುತ್ತಾನೆ ಪಟಾಲಿ. ಯಾರೂ ಹೊರಗೆ ಕಾಯುತ್ತಾ ನಿಲ್ಲಬೇಕಾಗಿಲ್ಲ. ಹೊಡೆದಾಟ ಶುರುವಾದಾಗ ಅಭ್ಯಾಸಬಲದಿಂದ ಏಳಲು ಹೋದೆ. ಎದ್ದು ಎಲ್ಲಿಗೆ ಹೋಗುವುದು, ಗಾಡಿಯೊಳಗೇ ಇದ್ದೆನಲ್ಲ! ನಗು ಬಂತು. ಅಬ್ಬಾ ಪಾಪ ಊರಿನವರನ್ನೆಲ್ಲ ಟೆಂಟಿಗೆ ಕರೆತಂದು ತಾವು ಹೊರಗೆ ಬೀಡಿ ಸೇದಿಕೊಂಡು ನಿಂತಿರುತ್ತಿದ್ದರಲ್ಲ ಅಂತ ಆಮೇಲೆ ಸಂಕಟವಾಯಿತು. ಒಂದು ಸಿನಿಮಾ ಆದರೂ ನೋಡಿದ್ದರೋ ಇಲ್ಲವೋ.

ತಾಹೆರಾ


ಅಮೃತಹಳ್ಳಿ
21 ಸೆಪ್ಟೆಂಬರ್ 1980

ತಾಹೆರಾ,

ಜುಲೈ ಕಾಗದಕ್ಕೆ ಉತ್ತರ ಬರೆಯಲಿಲ್ಲ ಅಂತ ಬೈದುಕೊಳ್ಳಬೇಡ. ಅದನ್ನು ಓದಿದ ದಿನ ಗೋಡೆಯಾಚೆಯಿಂದ ಒಂದು ಮಾತೂ ಬರಲಿಲ್ಲ. ಕೋಳಿಗೂ ಏನೂ ಹೇಳಲಿಲ್ಲ ಅವರು. ನನಗೂ ಬರೆಯಲು ಮನಸ್ಸಿರಲಿಲ್ಲ. ಅವರು ಸುಮ್ಮನಿದ್ದರೆ ನೀನು ನವೆಂಬರ್‌ಗೆ ಬರುತ್ತೀಯಲ್ಲ ಅಂತ ನನಗೆ ಒಳಗೊಳಗೇ ಆಸೆ.

ಮೊನ್ನೆ ಪೋಸ್ಟ್‌ಮ್ಯಾನ್ ಗಯಾಸ್ ನಿನ್ನ ಕಾಗದ ತಂದುಕೊಟ್ಟ. ಇವತ್ತು ಅತ್ತೆಯನ್ನು ಜಗಲಿಗೆ ಕೂರಿಸಿ ಶುರು ಮಾಡಿದೆ. "ಗಾಡಿ ಹೊಡೆಯುವವನೂ ಕೊನೆತನಕ ಸಿನಿಮಾ ನೋಡುತ್ತಾನೆ" ಅಂತ ಓದಿದೆನೋ ಇಲ್ಲವೋ, ಗೋಡೆಯಾಚೆ ಮೊರ ಬಿದ್ದು ಅಕ್ಕಿ ಚೆಲ್ಲಿದ ಸದ್ದು. ನಿಮ್ಮಮ್ಮ ತಲೆ ಮೇಲಿನ ಸೆರಗೂ ಸರಿಮಾಡಿಕೊಳ್ಳದೆ ಸುತ್ತಿಕೊಂಡು ಬಂದು ನನ್ನ ಎದುರಿಗೆ ನಿಂತರು.

"ಇನ್ನೊಂದ್ ಸಲ ಓದು ಅದು."

ಓದಿದೆ.

"ಗಾಡಿಯವ್ನು ಕೆಳಗೆ ಇಳಿಯೋದೇ ಬೇಡ್ವಾ?"

"ಬೇಡ್ವಂತೆ."

"ಹೆಂಡ್ತಿ ಪಕ್ಕದಲ್ಲೇ ಕೂತಿರ್ತಾಳಾ? ಮೊದ್ಲಿಂದ ಕೊನೆಗಂಟ?"

"ಪಕ್ಕದಲ್ಲೇ, ಜೈನಾಬಮ್ಮ."

ಜಗಲಿ ಮೇಲೆ ಕುಸಿದು ಕೂತರು. ನಗುತ್ತಿದ್ದಾರೆ ಅಂದುಕೊಂಡೆ, ನೋಡಿದರೆ ಅಳುತ್ತಿದ್ದರು. ಎರಡೂ ಇತ್ತು ಅನ್ನಿಸುತ್ತದೆ. "ಬೀಡಿ ಸೇದ್ತಿದ್ರಂತೆ! ಅವ್ರು ಬೀಡಿ ಸೇದೋಕ್ ಹೋಗಿದ್ರಂತೆ!" ಅಂದರು. ಆಮೇಲೆ ಹೇಳಿದರು.

ಮದುವೆಯಾದ ಹೊಸದರಲ್ಲಿ ನಿಮ್ಮಪ್ಪ ಅವರನ್ನು ಟೆಂಟಿಗೆ ಕರೆದುಕೊಂಡು ಹೋಗಿ ಒಳಗೆ ಬಿಟ್ಟು, ತಾವು ಗಾಡಿ ಹತ್ತಿರ ನಿಂತರಂತೆ. ಒಳಗೆ ಹೊಡೆದಾಟ ಶುರುವಾಯಿತು. ಮೈಕಿನ ಢಿಶುಂ ಢಿಶುಂ ಸದ್ದಿಗೆ ಬಿಜಲಿ ಬೆದರಿ ಮುಂಗಾಲೆತ್ತಿ ಕೂಗಿದ್ದು ಒಳಗಿದ್ದ ಇವರಿಗೆ ಕೇಳಿಸಿತು. ಓಡಿ ಬಂದರೆ, ನಿಮ್ಮಪ್ಪ ಒಂದು ಕೈಯಲ್ಲಿ ಲಗಾಮು ಹಿಡಿದು, ಇನ್ನೊಂದು ಕೈಯಲ್ಲಿ ಟೆಂಟಿನ ತೂತು ಅಗಲಿಸಿಕೊಂಡು ಇಣುಕುತ್ತಿದ್ದರಂತೆ. "ಕೊಡಿ, ನಾನ್ ಹಿಡ್ಕೊತೀನಿ. ಮಿಕ್ಕಿದ್ದು ನೀವ್ ನೋಡ್ಕೊಂಡ್ ಬನ್ನಿ" ಅಂದರಂತೆ ಇವರು. ಗೇಟಿನ ಸಂಗಪ್ಪ ಕೊನೆಯ ರೀಲಿಗೆ ಟಿಕೆಟ್ ಕೇಳುತ್ತಿರಲಿಲ್ಲ. ಅವತ್ತಿನಿಂದ ಪ್ರತಿ ಸಿನಿಮಾಗೂ ಹಾಗೇ. ನಮ್ಮನ್ನು ಗಾಡಿಯೊಳಗೆ ತುಂಬಿ, ಇವರು ಬುರ್ಖಾದಲ್ಲಿ ಕುದುರೆ ಹಿಡಿದುಕೊಂಡು ನಿಲ್ಲುವುದು, ಅವರು ಒಳಗೆ ಹೋಗುವುದು.

"ಮನೆಗ್ ಬಂದ್ಮೇಲೆ ನೀವೆಲ್ಲ ಮಲಗ್ತಿದ್ರಿ. ಅವ್ರು ಬಿಜಲಿಗೆ ಮಾಲೀಸು ಮಾಡೋರು. ನಾನ್ ಪಕ್ಕದಲ್ಲಿ ಕೂತು ಸಿನಿಮಾದ ಮೊದಲ್ನೇ ಭಾಗ ಹೇಳ್ತಿದ್ದೆ, ಅವ್ರು ಕೊನೇ ಭಾಗ ಹೇಳೋರು. ಹಂಗೆ ಇಬ್ರೂ ಪೂರ್ತಿ ನೋಡ್ತಿದ್ವಿ" ಅಂದರು.

ನಾವು ಅದನ್ನು ಗಂಡಸರ ಕಣ್ಣಿಗೆ ಬೀಳಬಾರದೆನ್ನುವ ಗೋಷಾ ಅಂದುಕೊಂಡು ಎಷ್ಟು ಬೈದುಕೊಂಡಿದ್ದೆವು ತಾಹೆರಾ!

ನನಗೆ ಥಟ್ಟನೆ ಹೊಳೆಯಿತು. "ಅಂಗಾರೆ ಆ ಅಂಬಿಗರ ಉಡುಗಿ?" ಅಂದೆ.

"ಹೊಳೆ ದಾಟಿ ಹೋಗಿ, ಮಳೆಗಾಲ ಮುಗಿದ್ಮೇಲೆ ವಾಪಸ್ ಬಂದ್ಳು. ಅವ್ರೇ ಹೇಳಿದ್ರು."

ನಾನು ತೆಪ್ಪಗಿರಬೇಕಿತ್ತು, ಇರಲಿಲ್ಲ. ದೋಣಿ ಮುಳುಗಿದ್ದನ್ನು ಕಣ್ಣಾರೆ ಕಂಡೆ ಅಂದೆ. ಅವರು ಸೆರಗು ತಲೆ ಮೇಲೆ ಎಳೆದುಕೊಂಡರು. ಆಮೇಲೆ ಒಂದೊಂದೇ ಕೇಳಿದರು. ಆ ಕಣ್ಣಿಲ್ಲದ ತಂಗಿಯ ಸಿನಿಮಾ? ಸಿಪಾಯಿಗೆ ಕಾಯುತ್ತಿದ್ದ ಟೀಚರಮ್ಮನದು? ನಮ್ಮ ಯಜಮಾನರು ಒಳಗಿದ್ದರು, ಅವರು ಎಲ್ಲ ಸಿನಿಮಾ ಪೂರ್ತಿ ನೋಡಿದವರು, ಕರೆದು ಹೇಳಿಸಿದೆ. ತಂಗಿಗೆ ಕಣ್ಣು ಬರಲಿಲ್ಲ, ಸಿಪಾಯಿ ತಿರುಗಿ ಬರಲಿಲ್ಲ. ನಿಮ್ಮಪ್ಪ ಹೇಳಿದ್ದು ಒಂದೂ ನಿಜವಲ್ಲ ಕಣೇ. ಒಳಗೆ ಕೂತು ಅಷ್ಟು ಸಾವು ನೋಡಿಕೊಂಡು ಬಂದು, ಹೆಂಡತಿಗೆ ಒಂದೇ ಒಂದನ್ನೂ ಹೇಳಲಿಲ್ಲ. ಕುದುರೆಯ ಮೈ ತಿಕ್ಕುತ್ತಾ ಎಲ್ಲರನ್ನೂ ಬದುಕಿಸಿದರು. ನೀನು ತೋಟದಲ್ಲಿ ಕೂತು ಎಲ್ಲರಿಗೂ ಮದುವೆ ಮಾಡಿಸುತ್ತಿದ್ದೆಯಲ್ಲ, ಅದು ಯಾರಿಂದ ಬಂತು ಅಂತ ಈಗ ತಿಳಿಯಿತು.

ನಿಮ್ಮಮ್ಮ ಎದ್ದು ಮುಖ ತೊಳೆದುಕೊಂಡು ಬಂದು, "ಕಾಗದ ಐತಾ? ಬರಿ" ಅಂದರು. ಹಾಳೆಯ ಹಿಂಬದಿಯಲ್ಲಿ ಇರುವುದು ಅವರದು. ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ, ನನ್ನದು ಒಂದು ಅಕ್ಷರವೂ ಸೇರಿಸಿಲ್ಲ. ಸೇರಿಸುವುದಾಗಿದ್ದರೆ ಬಂದುಬಿಡು ಅಂತ ಸೇರಿಸುತ್ತಿದ್ದೆ.

ನಿನ್ನ
ಪಟಾಲಿ


(ಹಿಂಬದಿಯಲ್ಲಿ)

ಅಮೃತಹಳ್ಳಿ, ಅದೇ ದಿನ

ತಾಹೆರಾ ಬೇಟಿ,

ನಿನ್ ಕಾಗದ ಎಲ್ಲಾ ಕೇಳ್ದೆ. ಕಿವುಡಿಗೆ ಓದೋ ನೆಪ ಮಾಡ್ಕೊಂಡು ಇವಳು ಊರಿಗೆಲ್ಲಾ ಕೇಳೋ ಹಂಗೆ ಕೂಗಿದ್ಲು. ನಾನೇನು ಪೆದ್ದೀನಾ.

ನಿನ್ ಮೇಲೆ ಕೋಪ ಇರ್ಲಿಲ್ಲ ನಂಗೆ. ಹೆದರಿಕೆ. ಅವ್ರು ಒಳಗೆ ಹೋದಾಗೆಲ್ಲ ನಾನು ಕತ್ತಲಲ್ಲಿ ಬಿಜಲಿ ಲಗಾಮು ಹಿಡ್ಕೊಂಡು ನಿಂತಿರ್ತಿದ್ದೆ. ಟೆಂಟಿನ ಒಳಗೆ ಯಾರೋ ಅಳೋದು, ಕೂಗೋದು, ಗುಂಡು ಹೊಡೆಯೋದು, ಎಲ್ಲಾ ಕೇಳ್ಸೋದು. ಏನಾಯ್ತೋ ಯಾರ್ ಸತ್ರೋ ಅಂತ ಎದೆ ಹೊಡ್ಕೊಳ್ಳೋದು. ಆಮೇಲೆ ಅವ್ರು ಕಣ್ಣೊರೆಸ್ಕೊಂಡು ಬಂದು, ಎಲ್ಲಾ ಚೆನ್ನಾಗಾಯ್ತು ಜೈನಾಬ್ ಅನ್ನೋರು. ಚೆನ್ನಾಗಾಗಿದ್ರೆ ಕಣ್ಣು ಯಾಕೆ ಒದ್ದೆ ಅಂತ ಒಂದ್ ದಿನಾನೂ ಕೇಳ್ಲಿಲ್ಲ ನಾನು. ನೀನ್ ಸಮುದ್ರ ದಾಟ್ತೀನಿ ಅಂತ ಹೊರಟಾಗ, ಎಲ್ಲಾ ಚೆನ್ನಾಗಾಗುತ್ತೆ ಅಂತ ಹೇಳೋಕೆ ಅವ್ರು ಇರ್ಲಿಲ್ಲ. ಅದಕ್ಕೇ ಬಾಯಿಂದ ಬರೀ ಜಾ ಬಂತು. ಮಿಕ್ಕಿದ್ದು ಗಂಟಲಲ್ಲೇ ಉಳೀತು. ಒಂದು ವರ್ಷ ಆಗ್ತಾ ಬಂತು, ಅನ್ನ ಇಳಿದಿಲ್ಲ ಸರಿಯಾಗಿ.

ಅಲ್ಲಿ ಇನ್ನೂ ಅರ್ಧ ನೋಡೋದಿದೆ ಅಂತೀಯ. ಕೂತು ನೋಡು. ನಾನೇ ನಿನ್ನ ಎಬ್ಬಿಸ್ತಿದ್ದವ್ಳು, ಇನ್ನು ಎಬ್ಬಿಸಲ್ಲ. ಆ ಚಾವಟಿ ಇಲ್ದೆ ಓಡೋ ಗಾಡೀನೂ ಕಲ್ತ್ಕೋ. ಎರಡು ವರ್ಷ ಆದ್ಮೇಲೆ ಬಂದು, ಒಲೆ ಮುಂದೆ ಕೂತು ನಂಗೆಲ್ಲಾ ಹೇಳ್ಬೇಕು. ಚೆನ್ನಾಗಿಲ್ದೆ ಇರೋದೇನಾದ್ರೂ ಆದ್ರೆ ನಿಮ್ ಅಬ್ಬಾ ತರ ಚೆನ್ನಾಗಿ ಮಾಡಿ ಹೇಳು. ನಾನ್ ನಂಬ್ತೀನಿ.

ಜಾಕೆ ಆ, ಬೇಟಿ. ಕುದುರೇನ ನಾನ್ ಹಿಡ್ಕೊಂಡಿರ್ತೀನಿ.

ನಿನ್ನ ಅಮ್ಮಿ
ಜೈನಾಬ್